ಕೊಪ್ಪಳದ ಬಿಸಿಲಿನಲ್ಲಿ ಹಣ್ಣಿನ ಪೈ: ಹಿಟ್ಟಿನಿಂದ ನೋಂದಣಿಯವರೆಗೆ

ಮನೆಯ ಅಡುಗೆಮನೆಯಲ್ಲಿ ಹಣ್ಣಿನ ಪೈ (ಎರಡು ಹಿಟ್ಟಿನ ಪದರಗಳ ನಡುವೆ ಹಣ್ಣಿನ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸುವ ತಿನಿಸು) ಮಾಡಿ ಮಾರಲು ಬೇಕಾದ ಆಹಾರ ನೋಂದಣಿ ಪತ್ರ ಕಳೆದ ವಾರ ನನ್ನ ಕೈ ಸೇರಿತು. ಒಂದು ಚಳಿಗಾಲದಲ್ಲಿ ಸೇಬಿನಿಂದ ಶುರುವಾದ ಕೆಲಸ ಮಾವು, ಅಂಜೂರ, ಸೀತಾಫಲ, ದಾಳಿಂಬೆ, ಪೇರಲಗಳನ್ನು ಹಾದು ಮುಂದಿನ ಚಳಿಗಾಲದಲ್ಲಿ ಈ ಹಂತಕ್ಕೆ ಬಂದು ಮುಟ್ಟಿದೆ. ಗಂಗಾವತಿ, ಹೊಸಪೇಟೆ, ಸಿಂಧನೂರಿನ ಕೆಲವು ಗೆಳತಿಯರು ಇದೇ ದಾರಿ ಹಿಡಿಯಲು ಹೊರಟಿದ್ದು, ಫೋನಿನಲ್ಲಿ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವಾಗಿರುವುದರಿಂದ ಎಲ್ಲವನ್ನೂ ಒಂದೆಡೆ ಬರೆದಿಡುವುದು ಒಳ್ಳೆಯದೆನಿಸಿತು. ಪೈ ಮಾಡುವ ವಿಧಾನಕ್ಕೆ ಇಂದು ಬರವಿಲ್ಲ. ಆದರೆ ಆ ವಿಧಾನಗಳಲ್ಲಿ ಬಹುಪಾಲು ತಂಪು ಅಡುಗೆಮನೆಯನ್ನೂ ಹುಳಿ ಸೇಬನ್ನೂ ನಂಬಿಕೊಂಡು ಬರೆದವು. ನಮ್ಮಲ್ಲಿ ಅಡುಗೆಮನೆ ಬಿಸಿ, ಹಣ್ಣು ಸಿಹಿ, ಅದರೊಳಗೆ ನೀರೂ ಹೆಚ್ಚು. ಈ ನೀರಿನ ಲೆಕ್ಕ ತಿಳಿದವರಿಗೆ ಪೈ ಒಲಿಯುತ್ತದೆ, ಉಳಿದದ್ದೆಲ್ಲ ಅಭ್ಯಾಸದಿಂದ ಬರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಖರ್ಚು ಓವನ್ನಿನದು. ಇಪ್ಪತ್ತೆಂಟು ಲೀಟರಿನ ಒಂದು ಒಟಿಜಿಯನ್ನು (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ವಿದ್ಯುತ್ ಓವನ್) ಏಳು ಸಾವಿರ ರೂಪಾಯಿಗೆ ಕೊಂಡೆವು. ಅದು ಮನೆಗೆ ಬಂದ ಮೇಲೆ ತಿಳಿದ ಸಂಗತಿಯೆಂದರೆ, ಸುಮಾರು 1500 ವ್ಯಾಟ್ ಎಳೆಯುವ ಈ ಯಂತ್ರವನ್ನು ಮಿಕ್ಸಿ ಹಾಕುವ ಸಾಮಾನ್ಯ ಪ್ಲಗ್ಗಿಗೆ ಸಿಕ್ಕಿಸುವಂತಿಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ದಪ್ಪ ವೈರು ಎಳೆಸಿ 16 ಆಂಪಿಯರಿನ ಪವರ್ ಪಾಯಿಂಟ್ ಹಾಕಿಸಲು ಎರಡು ಸಾವಿರದ ಹತ್ತಿರ ಹೋಯಿತು, ಅವರು ಸಿಗುವ ತನಕ ಓವನ್ ಪೆಟ್ಟಿಗೆಯಲ್ಲೇ ಕುಳಿತಿತ್ತು. ಆದ್ದರಿಂದ ಓವನ್ ತರುವ ಮೊದಲೇ ಪ್ಲಗ್ಗು ನೋಡಿಕೊಳ್ಳಿ. ಇದರ ಜೊತೆಗೆ ವಿದ್ಯುತ್ ಬಿಲ್ಲಿನ ವಿಚಾರವೂ ಇದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್ಟುಗಳ ಮಿತಿಯಿದ್ದು, ಅದನ್ನು ಮೀರಿದಷ್ಟಕ್ಕೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದ ತಿಂಗಳಿನಲ್ಲಿ ಪೂರ್ತಿ ಬಿಲ್ಲು ಬರುತ್ತದೆ. ಒಂದು ಪೈಗೆ ಒಂದೂವರೆ ಯೂನಿಟ್ ಆಸುಪಾಸು ಬೇಕಾಗುತ್ತದೆ. ಬೇಸಿಗೆಯಲ್ಲಿ ಕೂಲರು ದಿನವಿಡೀ ತಿರುಗುವ ಮನೆಯಲ್ಲಿ ಈ ಒಂದೂವರೆ ಯೂನಿಟ್ಟುಗಳು ಕೂಡಿ ಕೂಡಿ ಶೂನ್ಯ ಬಿಲ್ಲನ್ನು ಸಾವಿರದ ಬಿಲ್ಲಾಗಿ ಮಾಡಬಲ್ಲವು.

ಇನ್ನು ಹಿಟ್ಟು. ಮೈದಾ ಮೂರು ಪಾಲು, ಬೆಣ್ಣೆ ಎರಡು ಪಾಲು, ತಣ್ಣೀರು ಒಂದು ಪಾಲು, ಇವೆಲ್ಲವೂ ತೂಕದಲ್ಲಿ. ಲೋಕವೆಲ್ಲ ಬಳಸುವ ಈ ಅಳತೆ ನನಗೂ ಒಗ್ಗಿದೆ. ಒಂಬತ್ತು ಇಂಚಿನ ತಟ್ಟೆಗೆ ಕೆಳಪದರವೂ ಮೇಲ್ಪದರವೂ ಸೇರಿ 300 ಗ್ರಾಂ ಮೈದಾ, 200 ಗ್ರಾಂ ಬೆಣ್ಣೆ, ಸುಮಾರು 100 ಮಿಲಿಲೀಟರ್ ನೀರು ಸಾಕು. ಕಷ್ಟವಿರುವುದು ಕೈಯಲ್ಲಿ. ಹೋಳಿಗೆಯ ಕಣಕವನ್ನು ನಾದಿ, ಎಣ್ಣೆ ಹಾಕಿ ಮತ್ತೆ ನಾದಿ, ಎಳೆದರೆ ಹರಿಯದಂತೆ ಮಾಡುವ ಕೈಗಳಿಗೆ ಪೈ ಹಿಟ್ಟು ನಾದದೆ ಬಿಡಬೇಕಾದ ಹಿಟ್ಟು ಎಂಬುದು ಒಪ್ಪಿಗೆಯಾಗುವುದಿಲ್ಲ. ನಮ್ಮ ಅತ್ತೆ ಪಕ್ಕದಲ್ಲಿ ನಿಂತು ನೋಡಿ, "ಯವ್ವಾ, ಹಿಟ್ಟು ಇಷ್ಟಕ್ಕ ಬಿಟ್ಟರ ಹೆಂಗ? ಇನ್ನೊಂದೀಟು ನಾದಬಾರ್ದ?" ಎಂದು ಕೇಳುತ್ತಲೇ ಇದ್ದರು. ನಾದಿದಷ್ಟೂ ಮೈದಾದ ಅಂಟು ಬಲಿಯುತ್ತದೆ, ಬಲಿತ ಹಿಟ್ಟು ಓವನ್ನಿನಲ್ಲಿ ಕುಗ್ಗಿ ಗಟ್ಟಿಯಾಗುತ್ತದೆ. ಬೆಣ್ಣೆಯ ಚೂರುಗಳು ಬಟಾಣಿಯ ಗಾತ್ರದಲ್ಲಿ ಹಿಟ್ಟಿನೊಳಗೆ ಕಾಣುತ್ತಿರಬೇಕು. ಓವನ್ನಿನ ಕಾವಿಗೆ ಆ ಬೆಣ್ಣೆಯೊಳಗಿನ ನೀರು ಆವಿಯಾಗಿ ಹಿಟ್ಟನ್ನು ಎತ್ತಿದಾಗ ಪದರ ಬಿಡುತ್ತದೆ. ತುಪ್ಪದಲ್ಲಿ ನೀರಿಲ್ಲ, ಆದ್ದರಿಂದ ತುಪ್ಪ ಹಾಕಿ ಮಾಡಿದರೆ ಪೈಯ ಹೊರಮೈ ಬಿಸ್ಕತ್ತಿನಂತೆ ಪುಡಿಪುಡಿಯಾಗುತ್ತದೆಯೇ ಹೊರತು ಪದರ ಬಿಡುವುದಿಲ್ಲ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಎಷ್ಟು ಉಳಿದಿದೆ ಎಂಬುದು ಒಂದೊಂದು ಸಲ ಒಂದೊಂದು ತೆರನಾಗಿರುವುದರಿಂದ ಅದರಿಂದ ಮಾಡಿದ ಹಿಟ್ಟು ಮಣೆಗೆ ಅಂಟುತ್ತದೆ. ಪ್ಯಾಕೆಟ್ಟಿನ ಉಪ್ಪಿಲ್ಲದ ಬೆಣ್ಣೆಯೇ ನಂಬಿಕೆಗೆ ಅರ್ಹ.

ಚಳಿಗಾಲದಲ್ಲಿ ಇದೆಲ್ಲ ಸುಲಭವೆಂದು ತೋರಿತು. ಏಪ್ರಿಲ್ ಬಂದಾಗ ಮಾತ್ರ ಎಲ್ಲ ತಲೆಕೆಳಗಾಯಿತು. ಬೆಣ್ಣೆ 32ರಿಂದ 35 ಡಿಗ್ರಿಯ ನಡುವೆ ಪೂರ್ತಿ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ನಮ್ಮೂರಿನಲ್ಲಿ ಆ ತಿಂಗಳು ಮಧ್ಯಾಹ್ನದ ಬಿಸಿಲು 40 ದಾಟುತ್ತದೆ. ಲಟ್ಟಿಸುವಷ್ಟರಲ್ಲಿ ಬೆಣ್ಣೆ ಹಿಟ್ಟಿನಿಂದ ಹೊರಬಂದು ಮಣೆಯ ಮೇಲೆ ಜಿಡ್ಡಾಗಿ ಹರಡಿದ್ದನ್ನು ಕಂಡ ದಿನ, ಈ ಊರಿನಲ್ಲಿ ಪೈ ಆಗದ ಮಾತು ಎಂದೇ ಅನ್ನಿಸಿತ್ತು. ಕೊನೆಗೆ ಕೈ ಹಿಡಿದದ್ದು ವೇಳೆಯ ಬದಲಾವಣೆ. ಬೆಳಗಿನ ಐದು ಗಂಟೆಗೆ, ಒಲೆ ಹಚ್ಚುವ ಮೊದಲು, ಹಿಟ್ಟಿನ ಕೆಲಸ ಮುಗಿಯಬೇಕು. ಬೆಣ್ಣೆಯನ್ನು ರಾತ್ರಿಯೇ ಫ್ರೀಜರಿನಲ್ಲಿಟ್ಟು ಕೊಬ್ಬರಿ ತುರಿಯುವ ತುರಿಮಣೆಯಲ್ಲಿ ನೇರವಾಗಿ ಮೈದಾದ ಮೇಲೆ ತುರಿದರೆ ಬೆರಳು ತಾಗಿಸುವ ಅಗತ್ಯವೇ ಬೀಳುವುದಿಲ್ಲ. ಮೈದಾವನ್ನೂ ಫ್ರಿಜ್ಜಿನಲ್ಲಿಡಬೇಕು, ಲಟ್ಟಣಿಗೆಯನ್ನೂ ಇಡಬೇಕು. ಕಲಸಿದ ಹಿಟ್ಟು ಕನಿಷ್ಠ ಅರ್ಧ ಗಂಟೆ ತಂಪಿನಲ್ಲಿರಬೇಕು. ತಟ್ಟೆಗೆ ಹಾಸಿದ ಮೇಲೆ ಮತ್ತೆ ಅಷ್ಟೇ ಹೊತ್ತು. ಕಾಯುವುದರಲ್ಲೇ ಬೆಳಗು ಮುಗಿದುಹೋಗುತ್ತದೆ ಎಂದು ಬೇಸರವಾಗುವುದು ಸಹಜ, ಆದರೆ ಆ ಹೊತ್ತಿನಲ್ಲಿ ಹಣ್ಣು ಹೆಚ್ಚಿಕೊಳ್ಳಬಹುದು.

ಹೂರಣದ ಪ್ರಯೋಗ ಸೇಬಿನಿಂದ ಆರಂಭವಾಯಿತು. ಹೊರದೇಶದ ವಿಧಾನಗಳು ಹೇಳುವ ಹಸಿರು ಹುಳಿ ಸೇಬು ನಮ್ಮ ಮಾರುಕಟ್ಟೆಯಲ್ಲಿ ಅಪರೂಪ, ಸಿಕ್ಕರೆ ದುಬಾರಿ. ತಳ್ಳುಗಾಡಿಯಲ್ಲಿ ಸಿಗುವ ಕೆಂಪು ಸೇಬು ತಿನ್ನಲು ಚೆನ್ನ, ಬೆಂದರೆ ಮುದ್ದೆ. ಮೊದಲ ಪೈಯನ್ನು ಕತ್ತರಿಸಿದಾಗ ಮೇಲೆ ಹೊನ್ನಿನ ಬಣ್ಣ, ಒಳಗೆ ನೀರು, ತಳದಲ್ಲಿ ಹಸಿ ಹಿಟ್ಟು. ಸೇಬಿನ ಗೊಡವೆಯನ್ನು ನಾನು ಬೇಗನೆ ಬಿಟ್ಟೆ. ಕಾಶ್ಮೀರ, ಹಿಮಾಚಲಗಳಿಂದ ಬಂದ ಹಣ್ಣನ್ನು ಹಣ ಕೊಟ್ಟು ತಂದು ಮುದ್ದೆ ಮಾಡುವುದಕ್ಕಿಂತ ನಮ್ಮ ಜಿಲ್ಲೆಯ ತೋಟಗಳಲ್ಲಿ ಬೆಳೆಯುವುದನ್ನೇ ನೋಡುವುದು ಮೇಲು. ಆದರೆ ಆ ಹಸಿ ತಳ ಮಾತ್ರ ಹಣ್ಣು ಯಾವುದಾದರೂ ಬೆನ್ನು ಬಿಡಲಿಲ್ಲ. ಅದಕ್ಕೆ ಎರಡು ಉಪಾಯಗಳು ಫಲ ಕೊಟ್ಟವು. ಕಿವಿಯಿಲ್ಲದ ಸಣ್ಣ ಕಬ್ಬಿಣದ ಹಂಚನ್ನು ಓವನ್ನಿನ ಕೆಳಗಿನ ಜಾಲರಿಯ ಮೇಲಿಟ್ಟು, 220 ಡಿಗ್ರಿಗೆ ಕಾಯಿಸಿ, ಪೈ ತಟ್ಟೆಯನ್ನು ಆ ಕಾದ ಹಂಚಿನ ಮೇಲೆಯೇ ಇಟ್ಟರೆ ಹಣ್ಣಿನ ರಸ ಇಳಿಯುವ ಮೊದಲೇ ತಳ ಗಟ್ಟಿಯಾಗುತ್ತದೆ. ಹೂರಣ ಹಾಕುವ ಮೊದಲು ಕೆಳಪದರದ ಮೇಲೆ ಒಂದು ಚಮಚ ಚಿರೋಟಿ ರವೆ ಉದುರಿಸಿದರೆ ಇಳಿದ ರಸವನ್ನು ಅದು ಹೀರಿಕೊಳ್ಳುತ್ತದೆ, ತಿನ್ನುವವರಿಗೆ ಅದು ಇದ್ದದ್ದೂ ತಿಳಿಯುವುದಿಲ್ಲ. ಇಪ್ಪತ್ತು ನಿಮಿಷದ ನಂತರ ಕಾವನ್ನು 180ಕ್ಕೆ ಇಳಿಸಿ ಇನ್ನೂ ನಲವತ್ತು ನಿಮಿಷ ಬಿಡಬೇಕು.

ಮಾವಿನ ಕಾಲಕ್ಕೆ ಆಸೆ ದೊಡ್ಡದಿತ್ತು. ಕೊಪ್ಪಳದ ಕೇಸರ್ ಮಾವಿಗೆ ಒಳ್ಳೆಯ ಹೆಸರಿದ್ದು, ತೋಟಗಾರಿಕೆ ಇಲಾಖೆ ನಡೆಸುವ ಮಾವು ಮೇಳದಲ್ಲಿ ರೈತರೇ ತಂದು ಮಾರುವ ಹಣ್ಣಿನ ಪರಿಮಳಕ್ಕೆ ಮರುಳಾಗಿ ಕೇಸರನ್ನೇ ಹೋಳು ಮಾಡಿ ಪೈಗೆ ತುಂಬಿದರೆ, ಬೆಂದ ಮೇಲೆ ಹೋಳುಗಳ ಗುರುತೂ ಉಳಿಯದೆ ಸಿಹಿ ಸೀಕರಣೆಯಾಯಿತು. ಮಾಗಿದ ಮಾವಿನಲ್ಲಿ ಹುಳಿಯಿಲ್ಲ, ಹೋಳುಗಳಿಗೆ ಗಟ್ಟಿತನವಿಲ್ಲ. ಪೈಗೆ ಬೇಕಾದದ್ದು ದೋರಗಾಯಿ. ಮಾರುಕಟ್ಟೆಯಲ್ಲಿ ಗಿಣಿಮೂತಿಯ ದೋರಗಾಯಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಾಗ ಅಂಗಡಿಯಾಕೆ, "ಅಕ್ಕಾರ, ಹಣ್ಣು ಬಿಟ್ಟು ಕಾಯಿ ಯಾಕ ಆರಸ್ತೀರಿ?" ಎಂದು ನಕ್ಕಳು. ಮುಕ್ಕಾಲು ಪಾಲು ಗಿಣಿಮೂತಿಯ ದೋರಗಾಯಿ ಹೋಳು, ಕಾಲು ಪಾಲು ಕೇಸರಿನ ತಿರುಳು: ಮೊದಲನೆಯದು ಆಕಾರಕ್ಕೆ ಮತ್ತು ಹುಳಿಗೆ, ಎರಡನೆಯದು ಪರಿಮಳಕ್ಕೆ. ಈ ಹೂರಣವನ್ನು ಈಗ ನಾನು ಕಣ್ಣು ಮುಚ್ಚಿ ಮಾಡಬಲ್ಲೆ.

ನೀರಿನ ಲೆಕ್ಕವನ್ನು ಮಾವಿನಲ್ಲಿಯೇ ಕಲಿತದ್ದರಿಂದ ಇಲ್ಲಿಯೇ ಬಿಡಿಸಿ ಹೇಳುತ್ತೇನೆ. ಒಂದು ಕಿಲೋ ಹೋಳುಗಳಿಗೆ 120 ಗ್ರಾಂ ಸಕ್ಕರೆ ಬೆರೆಸಿ ಜರಡಿಯಲ್ಲಿ ಹಾಕಿ ಕೆಳಗೊಂದು ಪಾತ್ರೆ ಇಟ್ಟರೆ, ಅರ್ಧ ಗಂಟೆಯಲ್ಲಿ ಸಕ್ಕರೆ ಹಣ್ಣಿನ ನೀರನ್ನು ಎಳೆದು ಪಾತ್ರೆಗೆ ಇಳಿಸುತ್ತದೆ. ಇಳಿದ ರಸವನ್ನು ಒಲೆಯ ಮೇಲೆ ಅರ್ಧಕ್ಕೆ ಇಂಗಿಸಬೇಕು. ಸ್ವಲ್ಪ ತಣ್ಣೀರಿನಲ್ಲಿ ಕದಡಿದ ಕಾರ್ನ್‌ಫ್ಲೋರನ್ನು ಇಂಗಿದ ರಸಕ್ಕೆ ಹಾಕಿ, ಅದು ಮಂದವಾಗಿ ಹೊಳಪು ಬಂದಾಗ ಇಳಿಸಿ ಹೋಳುಗಳಿಗೆ ಬೆರೆಸಬೇಕು. ರಸ ಬಿಡುವ ಹಣ್ಣಿಗೆ ಕಿಲೋಗೆ ಮೂವತ್ತು ಗ್ರಾಂ ಕಾರ್ನ್‌ಫ್ಲೋರ್ ಬೇಕು. ನಿಂಬೆರಸವನ್ನು ಕೊನೆಯಲ್ಲಿ, ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು; ಹುಳಿಯೊಡನೆ ಬಹಳ ಹೊತ್ತು ಕುದಿದರೆ ಕಾರ್ನ್‌ಫ್ಲೋರಿನ ಬಿಗಿ ಸಡಿಲವಾಗುತ್ತದೆ. ಹೂರಣ ಪೂರ್ತಿ ಆರಿದ ಮೇಲೆಯೇ ತಟ್ಟೆಗೆ ಹೋಗಬೇಕು, ಏಕೆಂದರೆ ಬಿಸಿ ಹೂರಣ ಕೆಳಗಿನ ಬೆಣ್ಣೆಯನ್ನು ಓವನ್ನಿಗೆ ಹೋಗುವ ಮೊದಲೇ ಕರಗಿಸುತ್ತದೆ. ಒಳಗಿನ ಕಾವು ಸುಮಾರು 95 ಡಿಗ್ರಿ ಮುಟ್ಟಿದಾಗಲೇ ಕಾರ್ನ್‌ಫ್ಲೋರ್ ಪೂರ್ತಿ ಗಟ್ಟಿಯಾಗುವುದರಿಂದ, ಮೇಲ್ಪದರದ ಸೀಳುಗಳಿಂದ ರಸ ಕೊತಕೊತ ಕುದಿದು ಗುಳ್ಳೆಯೇಳುವುದನ್ನು ಕಣ್ಣಾರೆ ಕಾಣುವ ತನಕ, ಮೇಲಿನ ಬಣ್ಣ ಎಷ್ಟೇ ಚೆನ್ನಾಗಿದ್ದರೂ, ಹೊರಗೆ ತೆಗೆಯಬಾರದು. ಬಣ್ಣ ಮುಂಚೆಯೇ ಬಂದರೆ ಮೇಲೊಂದು ಫಾಯಿಲ್ ಹಾಳೆ ಹೊದಿಸಿದರಾಯಿತು.

ನಡುವೆ ಕರೆಂಟು ಹೋದರೆ? ಗಾಳಿ ಎದ್ದ ಸಂಜೆಗಳಲ್ಲಿ ಇದು ಆಗಿಯೇ ಆಗುತ್ತದೆ. ಓವನ್ನಿನ ಬಾಗಿಲು ತೆರೆಯದೆ ಹಾಗೆಯೇ ಬಿಡಿ. ಮೊದಲ ಇಪ್ಪತ್ತು ನಿಮಿಷ ಕಳೆದಿದ್ದರೆ ಪದರ ಕಟ್ಟಿಕೊಂಡಿರುತ್ತದೆ, ಕಾದ ಹಂಚು ಮತ್ತಷ್ಟು ಹೊತ್ತು ಕಾವು ಹಿಡಿದಿರುತ್ತದೆ, ಕರೆಂಟು ಬಂದ ಮೇಲೆ ಮುಂದುವರಿಸಬಹುದು. ಅದಕ್ಕಿಂತ ಮೊದಲೇ ಹೋದರೆ ಬೆಣ್ಣೆ ಕರಗಿ ಕುಸಿದಿರುತ್ತದೆ. ಅಂತಹ ಪೈ ಮನೆಯವರ ಪಾಲಿಗೆ, ಮಾರುವುದಕ್ಕಲ್ಲ.

ಅಂಜೂರ ನಮ್ಮ ಸೀಮೆಯ ಹೆಮ್ಮೆ. ಬಳ್ಳಾರಿಯ ಅಂಜೂರವೆಂದರೆ ಹೊರಗಿನವರಿಗೂ ಗೊತ್ತು. ತಾಜಾ ಅಂಜೂರವನ್ನಷ್ಟೇ ತುಂಬಿದಾಗ ಸಿಹಿ ಮುಖಕ್ಕೆ ಹೊಡೆಯುವಂತಿತ್ತು, ತೇವವೂ ಹೆಚ್ಚಾಗಿತ್ತು. ಮರುಸಲ ಮೂರನೆಯ ಒಂದು ಪಾಲು ಒಣ ಅಂಜೂರವನ್ನು ಸಣ್ಣಗೆ ಹೆಚ್ಚಿ ಬೆರೆಸಿದೆ. ತಾಜಾ ಹಣ್ಣು ಬಿಟ್ಟ ರಸವನ್ನು ಒಣ ಹಣ್ಣು ಕುಡಿದುಕೊಂಡು ಉಬ್ಬಿತು, ಕಾರ್ನ್‌ಫ್ಲೋರ್ ಅರ್ಧಕ್ಕಿಂತ ಕಡಿಮೆ ಸಾಕಾಯಿತು. ಒಂದೂವರೆ ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು, ಸ್ವಲ್ಪ ಕಾಳುಮೆಣಸಿನ ಪುಡಿ ಹಾಕಿದರೆ ಸಿಹಿ ಹದಕ್ಕೆ ಬರುತ್ತದೆ. ಖರ್ಚಿನ ದೃಷ್ಟಿಯಿಂದ ಇದು ಎಲ್ಲಕ್ಕಿಂತ ದುಬಾರಿ ಪೈ, ಒಣ ಅಂಜೂರದ ಬೆಲೆ ಎಲ್ಲರಿಗೂ ತಿಳಿದದ್ದೇ.

ಸೀತಾಫಲದ ವಿಚಾರದಲ್ಲಿ ನನ್ನ ಮಾತು ನೇರ: ಬೇಯಿಸಬೇಡಿ. ದಸರೆಯ ಹೊತ್ತಿಗೆ ಬುಟ್ಟಿ ಬುಟ್ಟಿಯಾಗಿ ಬರುವ ಹಣ್ಣನ್ನು ಕಂಡು ಯಾರಿಗಾದರೂ ಆಸೆಯಾಗುತ್ತದೆ, ಬೀಜ ಬಿಡಿಸುವುದರಲ್ಲಿ ಒಂದು ಮಧ್ಯಾಹ್ನ ಪೂರ್ತಿ ಹೋಗುತ್ತದೆ, ಕೊನೆಗೆ ಓವನ್ನಿನಿಂದ ಹೊರಬರುವುದು ಕಹಿ ಪೈ. ಹೆಚ್ಚು ಕಾಯಿಸಿದರೆ ಕಹಿಯಾಗುವುದು ಆ ತಿರುಳಿನ ಸ್ವಭಾವವೇ ಆಗಿದ್ದು, ಸಕ್ಕರೆ ಸುರಿದರೂ ಆ ಕಹಿ ನಾಲಿಗೆಯ ಹಿಂಬದಿಯಲ್ಲಿ ಉಳಿಯುತ್ತದೆ. ಅದರ ಪೈ ಬೇಕೇಬೇಕು ಎನ್ನುವವರು ಹೊರಕವಚವನ್ನು ಮಾತ್ರ ಬೇಯಿಸಿಕೊಂಡು, ಅದು ಆರಿದ ಮೇಲೆ ತಣ್ಣನೆಯ ತಿರುಳನ್ನು ಗಟ್ಟಿ ಕೆನೆಯೊಡನೆ ತುಂಬಿ ಅಂದೇ ತಿನ್ನಬೇಕು. ಖಾಲಿ ಕವಚ ಬೇಯುವಾಗ ಉಬ್ಬದಿರಲು ಬಟರ್ ಪೇಪರ್ ಹಾಸಿ ಅದರ ಮೇಲೆ ಒಣ ಅಲಸಂದೆ ಕಾಳು ತುಂಬಬೇಕು. ಆ ಕಾಳು ಮತ್ತೆ ಪಲ್ಯಕ್ಕೆ ಬಾರದು, ಅದನ್ನೊಂದು ಡಬ್ಬಿಯಲ್ಲಿ ಈ ಕೆಲಸಕ್ಕೆಂದೇ ಇಟ್ಟುಕೊಂಡಿದ್ದೇನೆ.

ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಬಣ್ಣದಲ್ಲಿ ಎಷ್ಟು ಚೆಲುವೋ ಪೈಯೊಳಗೆ ಅಷ್ಟೇ ತೊಡಕಿನದು. ಬೆಂದ ಕಾಳಿನಲ್ಲಿ ರಸ ಹೋಗಿ ಬೀಜ ಮಾತ್ರ ಹಲ್ಲಿಗೆ ಸಿಗುತ್ತದೆ. ರಸವನ್ನಷ್ಟೇ ತೆಗೆದು ಇಂಗಿಸಿ ಬೇರೆ ಹಣ್ಣಿಗೆ ಪಾಕವಾಗಿ ಬಳಸುವುದೇ ಸರಿ, ಆ ಬೇರೆ ಹಣ್ಣು ಪೇರಲವಾದರೆ ಇನ್ನೂ ಸರಿ. ದ್ರಾಕ್ಷಿಯಂತೂ ಬರಿಯ ನೀರು. ಅದನ್ನು ನಾನು ಮತ್ತೆ ಮುಟ್ಟಿಲ್ಲ.

ಪೇರಲ ಮಾತ್ರ ಗೆದ್ದಿತು. ನಮ್ಮಲ್ಲಿ ಅಗ್ಗವಾಗಿ ಸಿಗುವ, ಯಾರೂ ಪೈ ಹಣ್ಣೆಂದು ಎಣಿಸದ ಈ ಹಣ್ಣಿನಲ್ಲಿ ಪೆಕ್ಟಿನ್ ಹೇರಳ. ಜಾಮು, ಜೆಲ್ಲಿಗಳು ಗಟ್ಟಿಯಾಗುವುದು ಈ ಪೆಕ್ಟಿನ್ನಿನಿಂದಲೇ. ಹಣ್ಣೇ ತನ್ನ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕಿಲೋಗೆ ಹದಿನೈದು ಗ್ರಾಂ ಕಾರ್ನ್‌ಫ್ಲೋರ್ ಸಾಕು. ನಡುವಿನ ಬೀಜದ ಭಾಗವನ್ನು ಚಮಚದಿಂದ ತೆಗೆದು, ಸ್ವಲ್ಪ ನೀರಿನಲ್ಲಿ ಕುದಿಸಿ, ಜರಡಿಯಲ್ಲಿ ತಿಕ್ಕಿ ಬೀಜ ಬೇರೆ ಮಾಡಿದರೆ ಮಂದವಾದ ತಿರುಳು ಸಿಗುತ್ತದೆ. ಅದಕ್ಕೆ ಹೊರಭಾಗದ ಹೋಳುಗಳನ್ನೂ ಇಂಗಿಸಿದ ದಾಳಿಂಬೆ ರಸವನ್ನೂ ಸೇರಿಸಬೇಕು. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಬಣ್ಣ ಗಾಢವಾಗುತ್ತದೆ, ರುಚಿಗೆ ಆಳ ಬರುತ್ತದೆ, ಆದರೆ ಬೆಲ್ಲ ತನ್ನದೇ ತೇವ ತರುವುದರಿಂದ ಮೊದಲು ಕರಗಿಸಿ ಸೋಸಿ ಇಂಗಿಸಿಕೊಳ್ಳಬೇಕು. ಏಲಕ್ಕಿಗಿಂತ ಶುಂಠಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ. "ಇದ ಇರಲಿ, ಸೇಬ ಬ್ಯಾಡ" ಎಂದು ಅತ್ತೆ ಎರಡನೆಯ ತುಂಡಿಗೆ ಕೈ ಚಾಚಿದ್ದು ಈ ಪೈಗೆ ಮಾತ್ರ. ಪಕ್ಕದ ಮನೆಯವರು ಹಣ ಕೊಟ್ಟು ಮಾಡಿಸಿಕೊಳ್ಳುತ್ತೇವೆಂದು ಕೇಳಿದ್ದೂ ಇದನ್ನೇ.

ಹಣ ಬಂದ ಮೇಲೆ ಕಾನೂನಿನ ಪ್ರಶ್ನೆ ಬರುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಮನೆಯಲ್ಲಿ ಮಾಡಿ ಮಾರುವವರಿಗೂ ನೋಂದಣಿ ಕಡ್ಡಾಯ. ನಾನು ಅರ್ಜಿ ಹಾಕಿದಾಗ ಇದ್ದ ನಿಯಮದಂತೆ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿಯೊಳಗಿದ್ದರೆ ಪರವಾನಗಿ ಬೇಕಿರಲಿಲ್ಲ, ಸರಳ ನೋಂದಣಿ ಸಾಕಿತ್ತು. ಆಗ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಫಾಸ್ಕಾಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ಫಾರ್ಮ್ ಎ ತುಂಬಿ, ಭಾವಚಿತ್ರ ಮತ್ತು ಗುರುತಿನ ಚೀಟಿ ಹಾಕಿ, ಶುಲ್ಕ ಕಟ್ಟಿದರೆ ಅರ್ಜಿ ಹೋಗುತ್ತದೆ. ಯಾವ ಬಗೆಯ ಆಹಾರ ಎಂಬಲ್ಲಿ ಬೇಕರಿ ಪದಾರ್ಥಗಳಿರುವ 7ನೇ ವರ್ಗವನ್ನು ಆರಿಸಬೇಕು. ಹಣ್ಣು ಇದೆಯೆಂದು 4ನೇ ವರ್ಗದ ಹಣ್ಣು-ತರಕಾರಿ ಉತ್ಪನ್ನಗಳಿಗೆ ಹೋಗಬಾರದು, ಹೂರಣವನ್ನೇ ಬಾಟಲಿಯಲ್ಲಿ ಜಾಮಿನಂತೆ ಮಾರುವುದಾದರೆ ಮಾತ್ರ ಅದು ಬೇಕಾದೀತು. ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳು ಇದ್ದಾರೆ, ಅವರ ಅಗತ್ಯವಿಲ್ಲ.

ತೊಡಕು ಬಂದದ್ದು ವಿಳಾಸದಲ್ಲಿ. ನನ್ನ ಆಧಾರಿನಲ್ಲಿ ಇನ್ನೂ ತವರಿನ ವಿಳಾಸವಿತ್ತು, ಈಗಿರುವ ಮನೆಯ ಕರೆಂಟ್ ಬಿಲ್ಲು ತೀರಿಹೋದ ಮಾವನವರ ಹೆಸರಿನಲ್ಲಿತ್ತು. ಅಡುಗೆ ನಡೆಯುವ ಜಾಗದ ವಿಳಾಸಕ್ಕೆ ಆಧಾರವೇನು ಎಂಬ ಪ್ರಶ್ನೆಯೊಡನೆ ಅರ್ಜಿ ಹಿಂದಿರುಗಿತು. ಮನೆ ಈಗ ಅತ್ತೆಯ ಹೆಸರಿನಲ್ಲಿರುವುದರಿಂದ ಅವರಿಂದ ಒಪ್ಪಿಗೆ ಪತ್ರ ಬರೆಸಿ, ಮನೆಯ ತೆರಿಗೆ ಕಟ್ಟಿದ ರಸೀದಿಯನ್ನು ಲಗತ್ತಿಸಿ ಮತ್ತೆ ಸಲ್ಲಿಸಿದೆ. ಸೊಸೆಯಂದಿರ ಕಾಗದಪತ್ರಗಳಲ್ಲಿ ಇದು ಬಹುತೇಕ ಎಲ್ಲರಿಗೂ ಎದುರಾಗುವ ತೊಡಕು. ಅರ್ಜಿಗೆ ಮೊದಲೇ ಆಧಾರಿನ ವಿಳಾಸ ತಿದ್ದಿಸಿಕೊಂಡರೆ ಅಷ್ಟು ದಿನ ಉಳಿಯುತ್ತದೆ. ನಿಯಮದ ಪ್ರಕಾರ ಅರ್ಜಿ ಮುಟ್ಟಿದ 7 ದಿನಗಳೊಳಗೆ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು, ಇಲ್ಲವೇ ತಪಾಸಣೆಗೆ ತಿಳಿವಳಿಕೆ ಕೊಡಬೇಕು. ತಪಾಸಣೆಯಾದರೆ 30 ದಿನಗಳ ಅವಕಾಶವಿದೆ. ನನ್ನ ಪಾಲಿಗೆ ತಪಾಸಣೆ ಬಂತು.

ಆ ಬೆಳಗಿನ ಆತಂಕವನ್ನು ಈಗ ನೆನೆದರೆ ನಗು ಬರುತ್ತದೆ. ಬಂದ ಅಧಿಕಾರಿ ಪೈ ಕಡೆ ನೋಡಲೇ ಇಲ್ಲ. ಕಸದ ಡಬ್ಬಿಗೆ ಮುಚ್ಚಳವಿದೆಯೇ, ಕಿಟಕಿಗೆ ಜಾಲರಿ ಇದೆಯೇ, ನೀರು ಎಲ್ಲಿಯದು, ಫ್ರಿಜ್ಜಿನಲ್ಲಿ ಮೊಸರು, ಸಾರುಗಳ ಜೊತೆಯಲ್ಲೇ ಹಿಟ್ಟು ಇಡುತ್ತೀರಾ ಎಂದು ಕೇಳಿದರು. ಕೊಳವೆಬಾವಿಯ ಗಡಸು ನೀರನ್ನಲ್ಲದೆ ಶುದ್ಧ ನೀರಿನ ಘಟಕದ ಕ್ಯಾನಿನ ನೀರನ್ನು ಬಳಸುತ್ತೇನೆಂದು ತೋರಿಸಿದೆ. ಕೊನೆಗೆ ಮೂಲೆಯನ್ನು ನೋಡಿ, "ಅಕ್ಕಾರ, ಮೈದಾ ಚೀಲ ನೆಲದ ಮ್ಯಾಲ ಇಡಬ್ಯಾಡ್ರಿ, ಒಂದು ಹಲಗಿ ಹಾಕ್ರಿ" ಎಂದರು. ಅಂದೇ ಸಂಜೆ ಹಲಗೆ ಬಂತು. ಹಿಟ್ಟಿನ ಡಬ್ಬಿಗಳಿಗೆಂದು ಫ್ರಿಜ್ಜಿನ ಒಂದು ಅಂತಸ್ತನ್ನು ಬೇರೆ ಮಾಡಿದ್ದು ಪೈಗೂ ಒಳ್ಳೆಯದಾಯಿತು, ಬೆಣ್ಣೆಗೆ ಒಗ್ಗರಣೆಯ ವಾಸನೆ ಹತ್ತುವುದು ತಪ್ಪಿತು.

ಯಾರೂ ಮುಂಚಿತವಾಗಿ ಹೇಳದೆ ಇದ್ದ ಸಂಗತಿ ಲೇಬಲ್ಲಿನಲ್ಲಿತ್ತು. ಪೈಯ ಮೇಲ್ಪದರಕ್ಕೆ ಹೊಳಪು ಬರಲೆಂದು ಮೊಟ್ಟೆ ಸವರುವುದು ಎಲ್ಲ ವಿಧಾನಗಳಲ್ಲೂ ಇದೆ. ನಮ್ಮ ನಿಯಮದಲ್ಲಿ ಹಾಲು ಸಸ್ಯಾಹಾರ, ಮೊಟ್ಟೆ ಅಲ್ಲ. ಸವರಿದ ಆ ಒಂದು ಚಮಚ ಮೊಟ್ಟೆಯಿಂದಲೇ ಪೇರಲದ ಪೈ ಮಾಂಸಾಹಾರದ ಗುಂಪಿಗೆ ಸೇರಿ, ಹಸಿರು ಚೌಕದೊಳಗಿನ ಹಸಿರು ಬೊಟ್ಟಿನ ಜಾಗದಲ್ಲಿ ಕಂದು ತ್ರಿಕೋನ ಹಾಕಬೇಕಾಗುತ್ತದೆ. ನಮ್ಮ ಓಣಿಯಲ್ಲಿ ಕಂದು ಗುರುತಿನ ಸಿಹಿಯನ್ನು ಕೊಳ್ಳುವವರು ಕಡಿಮೆ, ಶ್ರಾವಣದಲ್ಲಂತೂ ಇಲ್ಲವೇ ಇಲ್ಲ. ಮೊಟ್ಟೆಯನ್ನು ಕೈಬಿಟ್ಟು ಕೆನೆಹಾಲಿಗೆ ಸ್ವಲ್ಪ ಸಕ್ಕರೆ ಕದಡಿ ಸವರಿದೆ; ಹೊಳಪು ತುಸು ಕಡಿಮೆ, ಬಣ್ಣಕ್ಕೆ ಕೊರತೆಯಿಲ್ಲ. ಲೇಬಲ್ಲಿನ ಮೇಲೆ ಪದಾರ್ಥಗಳ ಪಟ್ಟಿ, ತೂಕ, ಬೆಲೆ, ತಯಾರಿಸಿದ ದಿನ, ಯಾವಾಗಿನೊಳಗೆ ತಿನ್ನಬೇಕು, ವಿಳಾಸ, ಗೋಧಿ ಮತ್ತು ಹಾಲಿನ ಅಂಶವಿದೆಯೆಂಬ ಎಚ್ಚರಿಕೆ, ನೋಂದಣಿಯ 14 ಅಂಕಿಗಳು ಇರಬೇಕು. ಆ ಅಂಕಿಗಳಲ್ಲಿ ಮೊದಲನೆಯದಾದ '2' ನೋಂದಣಿಯನ್ನೂ ಅದರ ಮುಂದಿನ ಎರಡು ಅಂಕಿಗಳಾದ '12' ಕರ್ನಾಟಕವನ್ನೂ ಸೂಚಿಸುತ್ತವೆ. ಸಂಖ್ಯೆ ಬರುವ ಮೊದಲೇ ಲೇಬಲ್ ಅಚ್ಚು ಹಾಕಿಸಬೇಡಿ. ಜಿಎಸ್‌ಟಿ ಬಗ್ಗೆಯೂ ಹಲವರು ಕೇಳುತ್ತಾರೆ: ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವಹಿವಾಟು 40 ಲಕ್ಷ ದಾಟುವ ತನಕ ಆ ನೋಂದಣಿ ಬೇಕಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆಯ ಮೇಲಿನ ತೆರಿಗೆ 12ರಿಂದ 5 ಶೇಕಡಾಕ್ಕೆ ಇಳಿದದ್ದು ಮಾತ್ರ ನಮ್ಮಂಥವರಿಗೆ ನೇರ ಲಾಭ.

ಲೆಕ್ಕ ಕೇಳುವವರಿಗೆ ಪೇರಲದ ಪೈಯ ಲೆಕ್ಕ ಕೊಡುತ್ತೇನೆ. ಬೆಣ್ಣೆ 115 ರೂಪಾಯಿ, ಹಣ್ಣು 60, ಮೈದಾ 15, ಬೆಲ್ಲ ಮತ್ತಿತರ ಸಾಮಾನು 20, ಕರೆಂಟು 12, ತಟ್ಟೆ, ಪೆಟ್ಟಿಗೆ, ಲೇಬಲ್ ಸೇರಿ 38, ಒಟ್ಟು 260. ಮಾರುವ ಬೆಲೆ 450. ಮಿಕ್ಕಿದ 190ರಲ್ಲಿ ಬೆಳಗಿನ ಐದರಿಂದ ಹನ್ನೊಂದರ ತನಕದ ದುಡಿಮೆಯಿದೆ. ಒಂದೊಂದೇ ಪೈ ಮಾಡಿದರೆ ಇದು ಕೂಲಿಗೂ ಸಾಲದು, ಹಿಟ್ಟನ್ನು ನಾಲ್ಕು ಪೈಗಳಿಗೆ ಒಟ್ಟಿಗೆ ಮಾಡಿ ಫ್ರೀಜರಿನಲ್ಲಿಟ್ಟಾಗ ಮಾತ್ರ ಲೆಕ್ಕ ಸರಿಹೋಗುತ್ತದೆ. ಹಿಟ್ಟನ್ನು ಹೀಗೆ ಫ್ರೀಜರಿನಲ್ಲಿ ಇಡಬಹುದು. ಬೆಂದ ಪೈಯನ್ನು ಇಡಬಾರದು, ಕಾರ್ನ್‌ಫ್ಲೋರ್ ಹಾಕಿದ ಹೂರಣ ಹೆಪ್ಪುಗಟ್ಟಿ ಕರಗಿದರೆ ನೀರೊಡೆಯುತ್ತದೆ. ಹುಳಿ ಹೂರಣದ ಪೈಗಳನ್ನು ಅಲ್ಯೂಮಿನಿಯಂ ತಟ್ಟೆಯಲ್ಲಿ ರಾತ್ರಿ ಕಳೆಯಲು ಬಿಟ್ಟರೆ ಲೋಹದ ರುಚಿ ಬರುತ್ತದೆ, ಆದ್ದರಿಂದ ಮಾವಿನ ಪೈಯನ್ನು ಅಂದೇ ತಿನ್ನಿರೆಂದು ಲೇಬಲ್ಲಿನಲ್ಲೇ ಬರೆಯುತ್ತೇನೆ.

ಬಿಸಿ ಬಿಸಿ ಪೈ ಬೇಕೆಂದು ಕೇಳುವವರಿಗೆ ನಾನು ಇಲ್ಲವೆನ್ನುತ್ತೇನೆ. ಓವನ್ನಿನಿಂದ ತೆಗೆದ ನಂತರ ಕನಿಷ್ಠ ನಾಲ್ಕು ಗಂಟೆ ಆರಿದರೆ ಮಾತ್ರ ಹೂರಣ ನಿಲ್ಲುತ್ತದೆ, ಅದಕ್ಕೂ ಮೊದಲು ಸ್ಕೂಟರಿನ ಮುಂದೆ ಇಟ್ಟುಕೊಂಡು ನಮ್ಮ ರಸ್ತೆಗಳಲ್ಲಿ ಹೊರಟರೆ ಒಳಗಿನದು ಪೆಟ್ಟಿಗೆಯಲ್ಲಿರುತ್ತದೆ. ಹಿಂದಿನ ದಿನ ಮಧ್ಯಾಹ್ನದೊಳಗೆ ಹೇಳಿದವರಿಗೆ ಮರುದಿನ ಸಂಜೆ ನಾಲ್ಕಕ್ಕೆ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆ ಎರಡಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲವೆಂದು ಈಗಲೇ ಎಲ್ಲರಿಗೂ ತಿಳಿಸಿದ್ದೇನೆ.